ಲಯನೆಲ್ ಕಂಡ ಮೀನುಗಳು

ಕಾರ್ಪೆಟ್ ಕಾರ್ಖಾನೆಯಲ್ಲಿ ಲಯನೆಲ್ ಹ್ಯಾಲೆಟ್‌ನ ಕೆಲಸ ತಪ್ಪು ಹುಡುಕುವುದು. ಮಗ್ಗದಿಂದ ಇಳಿದ ಕಾರ್ಪೆಟ್ಟನ್ನು ದೊಡ್ಡ ಕಿಟಕಿಯ ಬೆಳಕಿಗೆ ಹಾಸಿ, ಬಳ್ಳಿಯಲ್ಲಿ ಒಂದು ಎಲೆ ತಪ್ಪಿದೆಯೇ, ಕೆಂಪಿನ ನಡುವೆ ಕಂದು ಎಳೆಯೊಂದು ನುಸುಳಿದೆಯೇ ಎಂದು ನೋಡಿ ಸೀಮೆಸುಣ್ಣದ ಗುರುತು ಹಾಕಬೇಕು. ಮೀಸೆ ಮೂಡುವ ಮೊದಲೇ ಕೆಲಸಕ್ಕೆ ಸೇರಿದವನು ಕಾರ್ಖಾನೆ ಬಾಗಿಲು ಮುಚ್ಚುವವರೆಗೂ ಅದನ್ನೇ ಮಾಡಿದ. ಅವನ ಗುರುತು ಬಿದ್ದರೆ ನೇಯ್ದವನು ವಾದಕ್ಕೆ ಇಳಿಯುತ್ತಿರಲಿಲ್ಲ. ಲಯನೆಲ್ ನೋಡಿದ್ದಾನೆ ಎಂದರೆ ಅಲ್ಲಿಗೆ ಮುಗಿಯಿತು.

ಭಾನುವಾರ ಅದೇ ಕಣ್ಣು ಏವನ್ ನದಿಗೆ ಹೋಗುತ್ತಿತ್ತು. ಸುಣ್ಣಕಲ್ಲಿನ ಗುಡ್ಡಗಳಿಂದ ಬರುವ ನೀರು. ಆಳದಲ್ಲಿಯೂ ತಳದ ಕಲ್ಲು ಅಂಗೈಯಲ್ಲಿ ಇಟ್ಟುಕೊಂಡಂತೆ ಕಾಣುತ್ತದೆ. ಆದರೂ ಮೀನು ಕಾಣುವುದು ಸುಲಭವಲ್ಲ. ಕಲ್ಲಿನ ಬಣ್ಣದ ಬೆನ್ನು, ಪಾಚಿಯ ನೆರಳಿನಂಥ ಮೈ. ನಮ್ಮ ಊರಿನ ಗಾಳದ ಸಂಘದವರು ಬಸ್ಸಿನಿಂದ ಇಳಿದು ಕೋಲು ಜೋಡಿಸುವಷ್ಟರಲ್ಲಿ ಲಯನೆಲ್ ದಡದುದ್ದಕ್ಕೂ ನಡೆದು ಬಂದು, "ವಿಲೋ ಮರದ ಬುಡದಲ್ಲಿ ಚಬ್ ಇವೆ, ಹಳೇ ತೂಬಿನ ಕೆಳಗೆ ರೋಚ್ ಮಂದೆ ನಿಂತಿದೆ" ಎಂದು ಹೇಳಿಬಿಡುತ್ತಿದ್ದ. ಅವನು ಹೇಳಿದ ಕಡೆ ಗಾಳ ಹಾಕಿದವರು ಬರಿಗೈಯಲ್ಲಿ ಏಳುತ್ತಿರಲಿಲ್ಲ.

ಟ್ರೌಟ್, ಸಾಮನ್ ದೊಡ್ಡವರ ಮೀನು. ಅವರ ಲೆಕ್ಕದಲ್ಲಿ ಉಳಿದದ್ದೆಲ್ಲ ಒರಟು ಮೀನು; ಒರಟು ಮೀನು ನಮ್ಮಂಥವರದು. ತಿನ್ನುವುದಕ್ಕಲ್ಲ. ಹಿಡಿದು, ತೂಗಿ, ಒಂದು ಗಳಿಗೆ ಕಣ್ತುಂಬ ನೋಡಿ, ಮತ್ತೆ ನೀರಿಗೆ ಬಿಡುವುದಕ್ಕೆ. ಅವುಗಳಲ್ಲಿ ಲಯನೆಲ್‌ಗೆ ರೋಚ್ ಎಂದರೆ ಪ್ರಾಣ. ಬೆಳ್ಳಿಯ ಮೇಲೆ ತುಸು ನೀಲಿ ಸವರಿದಂಥ ಪಕ್ಕೆ, ಕುಂಕುಮದಂಥ ರೆಕ್ಕೆ. ಅಂಥ ಬಣ್ಣ ಹಾಕುವ ಬಣ್ಣಗಾರ ನಮ್ಮ ಕಾರ್ಖಾನೆಯಲ್ಲಿ ಒಬ್ಬನೂ ಇರಲಿಲ್ಲ ಎನ್ನುತ್ತಿದ್ದ.

ಆಮೇಲೆ ರೋಚ್ ಹೋದವು. ಒಂದೇ ಸಲಕ್ಕಲ್ಲ. ಒಂದು ಚಳಿಗಾಲ ಮಂದೆ ತೆಳುವಾಯಿತು, ಮತ್ತೊಂದರಲ್ಲಿ ಅಲ್ಲೊಂದು ಇಲ್ಲೊಂದು. ಸಮುದ್ರದ ಕಡೆಯಿಂದ ನೀರುಕಾಗೆಗಳು ದಂಡು ಕಟ್ಟಿಕೊಂಡು ಬಂದವು ಎಂದರು ಕೆಲವರು. ಹೊಲದ ಔಷಧಿ ಎಂದರು, ಊರುಗಳು ನೀರು ಎಳೆದುಕೊಂಡವು ಎಂದರು. ಕಾರಣ ಏನೇ ಇರಲಿ, ತೂಬಿನ ಕೆಳಗಿನ ಜಲ್ಲಿ ಗುಡಿಸಿದ ಅಂಗಳದಂತೆ ಬೋಳಾಯಿತು. ಸಂಘವೂ ಹಾಗೇ ಕರಗಿತು. ಬಸ್ಸು ತುಂಬುತ್ತಿದ್ದ ಜನ ಎರಡು ಕಾರಿಗೆ ಇಳಿದರು, ಕೊನೆಗೆ ಗ್ಲೆನಿಸ್ ಪಾಥೆಕರಿಯ ಹಳೆಯ ವ್ಯಾನೊಂದೇ ಸಾಕಾಯಿತು. ಗ್ಲೆನಿಸ್ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದವಳು. ಗಂಡ ಸತ್ತ ಮೇಲೆ ಅವನ ಗಾಳದ ಕೋಲನ್ನೂ ಸಂಘದ ಕಾರ್ಯದರ್ಶಿತನವನ್ನೂ ಒಟ್ಟಿಗೇ ಕೈಗೆತ್ತಿಕೊಂಡಿದ್ದಳು.

ಅಷ್ಟರಲ್ಲಿ ಲಯನೆಲ್‌ನ ಕಣ್ಣೂ ಕೈಕೊಟ್ಟಿತು. ವಸಂತದಲ್ಲಿ ಒಂದು ದಿನ ಅಡುಗೆಮನೆಯ ಬಾಗಿಲ ಚೌಕಟ್ಟು ನಡುವೆ ಡೊಂಕಾದಂತೆ ಕಂಡಿತು. ಬೇಸಿಗೆಯ ಹೊತ್ತಿಗೆ ಯಾರನ್ನು ನೇರ ನೋಡಿದರೂ ಮುಖದ ಜಾಗದಲ್ಲಿ ಬೂದುಬಣ್ಣದ ಕಲೆ. ಕಿವಿ, ಭುಜ, ಟೋಪಿ ಮಾತ್ರ ಸುತ್ತ ಉಳಿಯುತ್ತಿದ್ದವು. ಜಿಲ್ಲಾ ಆಸ್ಪತ್ರೆಯ ವೈದ್ಯರು ದೀಪ ಹಾಕಿ ಎರಡೂ ಕಣ್ಣು ನೋಡಿ, ಕಣ್ಣಿನ ಒಳಪರದೆಯ ನಡುಭಾಗ ಸವೆದಿದೆ, ಇದಕ್ಕೆ ಮದ್ದಿಲ್ಲ, ಅಂಚಿನ ನೋಟ ಉಳಿಯುತ್ತದೆ ಎಂದರು. ಲಯನೆಲ್ ಮನೆಗೆ ಬಂದು ಹೆಂಡತಿ ಏವಿಸ್‌ಗೆ, "ಕನ್ನಡಕ ಬದಲಾಯಿಸ್ಬೇಕಂತೆ" ಎಂದ. ಕಾರು ಓಡಿಸುವುದನ್ನು ಬಿಟ್ಟದ್ದಕ್ಕೆ ಮೊಣಕಾಲಿನ ನೋವು ಎಂದ.

ವೈದ್ಯರಿಗೂ ಹೇಳದೆ ಉಳಿಸಿಕೊಂಡ ವಿಷಯ ಇನ್ನೊಂದಿತ್ತು. ಬೆಳಗ್ಗೆ ಎದ್ದು ಮೇಲೆ ನೋಡಿದರೆ ಬಿಳೀ ಚಾವಣಿಯ ತುಂಬ ಕಾರ್ಪೆಟ್ಟಿನ ಚಿತ್ತಾರ. ಬಳ್ಳಿ, ಹೂ, ಅಂಚಿನ ಸಾಲು ಎಲ್ಲವೂ ಸ್ಪಷ್ಟ. ತಪ್ಪು ಹುಡುಕಿದರೆ ಒಂದೂ ಇಲ್ಲ. ಕಣ್ಣು ಉಜ್ಜಿಕೊಂಡರೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಅವನ ಸೋದರತ್ತೆಯೊಬ್ಬಳು ಇಲ್ಲದ್ದನ್ನು ಕಾಣುತ್ತಾಳೆಂದು ಗುಡ್ಡದ ಮೇಲಿನ ಹುಚ್ಚಾಸ್ಪತ್ರೆಗೆ ಸೇರಿಸಿದ್ದರು. ಚಿಕ್ಕಂದಿನಲ್ಲಿ ಅವಳನ್ನು ನೋಡಲು ಹೋದಾಗಿನ ವಾಸನೆ ಅವನ ಮೂಗಿನಲ್ಲಿ ಇನ್ನೂ ಇತ್ತು. ಬಾಯಿಗೆ ಬೀಗ ಹಾಕಿಕೊಂಡ.

ನವೆಂಬರಿನ ಆ ಭಾನುವಾರ ಸಂಘದವರೆಲ್ಲ ಕೂಡಿ ಹೋಗುವ ದಿನ. ಇದೇ ಕೊನೆಯದಾದೀತು ಎಂದು ಎಲ್ಲರಿಗೂ ಗೊತ್ತಿತ್ತು. ಸಂಘಕ್ಕೆ ದಡವನ್ನು ಬಾಡಿಗೆಗೆ ಕೊಡುತ್ತಿದ್ದ ಒಡೆಯ ಮುಂದಿನ ವರ್ಷಕ್ಕೆ ಬೇಕೋ ಬೇಡವೋ ಹೇಳಿ ಎಂದು ಕೇಳಿ ಕಳಿಸಿದ್ದ. ಸಂಘವನ್ನೇ ಮುಚ್ಚಿಬಿಡೋಣ ಎಂದು ಐವರ್ ಟ್ಯಾನ್ಸ್‌ವೆಲ್ ಸೂಚನೆ ಕೊಟ್ಟಿದ್ದ. ಸಂಜೆ ಪಬ್ಬಿನಲ್ಲಿ ಕೈ ಎತ್ತಿಸುವುದೊಂದೇ ಬಾಕಿ. ಐವರ್ ಕೊಳಾಯಿ ಕೆಲಸದವನು, ದೊಡ್ಡ ದನಿಯವನು. ವ್ಯಾನಿನಲ್ಲಿ ಲಯನೆಲ್ ಹತ್ತುತ್ತಿದ್ದಂತೆ ಶುರುಮಾಡಿದ.

"ಬಾಪ್ಪ ಹದ್ದಿನ್ ಕಣ್ಣು! ಇವತ್ತಾದ್ರೂ ಒಂದ್ ಮೀನು ತೋರಿಸ್ತೀಯೋ, ಇಲ್ಲ ಬರೀ ಸ್ಯಾಂಡ್‌ವಿಚ್ ತಿಂದ್ಕೊಂಡು ಬರೋದೋ?"

"ತೋರಿಸ್ತೀನಿ, ನೀನು ಬಾಯಿ ಮುಚ್ಕೊಂಡ್ ಕೂತ್ರೆ. ನಿನ್ ಗಂಟಲು ಕೇಳೇ ಅರ್ಧ ಮೀನು ಸಮುದ್ರಕ್ಕೆ ಓಡ್ಹೋದ್ವು."

"ಉಳಿದರ್ಧ?"

"ನಿನ್ ಮುಖ ನೋಡಿ."

ಎಲ್ಲರೂ ನಕ್ಕರು. ಗ್ಲೆನಿಸ್ ಸ್ಟೀರಿಂಗ್ ತಿರುಗಿಸುತ್ತಲೇ, "ಇಬ್ರೂ ಸುಮ್ನಿರಿ, ನಾನು ದಾರಿ ತಪ್ಪಿದ್ರೆ ಟ್ರೌಟ್ ದೊರೆಗಳ ಅಂಗಳಕ್ಕೆ ನುಗ್ಗಿಸ್ಬಿಡ್ತೀನಿ" ಎಂದಳು. ಹಿಂದಿನ ಸೀಟಿನಲ್ಲಿ ಕ್ಲೆಮ್ ಸ್ಕ್ಯಾಮೆಲ್ ಕಿವಿಯ ಯಂತ್ರ ಸರಿಮಾಡಿಕೊಳ್ಳುತ್ತ, "ಏನಂದ? ಯಾರ ಮುಖ?" ಎಂದು ಕೇಳಿದ. ಕ್ಲೆಮ್ ಮಗ್ಗ ನಡೆಸುತ್ತಿದ್ದವನು. ಆ ಸದ್ದಿಗೆ ನಲವತ್ತು ತುಂಬುವ ಮೊದಲೇ ಕಿವಿ ಹೋಗಿತ್ತು. ನದಿಯ ಮೇಲೆ ಅವನೂ ಲಯನೆಲ್ಲೂ ಯಾವಾಗಲೂ ಅಕ್ಕಪಕ್ಕ. ಲಯನೆಲ್ ಇಬ್ಬರಿಗಾಗಿಯೂ ಕೇಳಿ, ಇಬ್ಬರಿಗಾಗಿಯೂ ನೋಡುತ್ತಾನೆ, ಕ್ಲೆಮ್ ಇಬ್ಬರಿಗಾಗಿಯೂ ತಿನ್ನುತ್ತಾನೆ ಎಂದು ಸಂಘದಲ್ಲಿ ತಮಾಷೆ.

ಹುಲ್ಲುಗಾವಲಿನಲ್ಲಿ ಇಬ್ಬನಿ ಹೆಪ್ಪುಗಟ್ಟಿತ್ತು. ಎಲ್ಲರೂ ಒಂದೊಂದು ಜಾಗ ಹಿಡಿದರು. ಲಯನೆಲ್ ಹಳೇ ತೂಬಿನ ಕೆಳಗೆ ಕುಳಿತ. ಕಾಲು ನೋವು, ಇದೇ ಹತ್ತಿರ ಎಂದ. ಗಾಳದ ಕೊಕ್ಕೆಗೆ ದಾರ ಕಟ್ಟಲು ಹೋದರೆ ದಾರವೂ ಇಲ್ಲ, ಕೊಕ್ಕೆಯೂ ಇಲ್ಲ, ಬೂದು ಕಲೆಯೊಳಗೆ ಬೆರಳ ತುದಿಗಳೇ ಮಾಯ. ಪಕ್ಕದಲ್ಲಿದ್ದ ಕ್ಲೆಮ್ ಎದ್ದು ಬಂದ.

"ಕೊಡಿಲ್ಲಿ, ನಿನ್ ಕೈ ಚಳಿಗೆ ಮರಗಟ್ಟಿದೆ."

"ನನ್ ಕೈಗೇನೂ ಆಗಿಲ್ಲ."

"ನಂಗೆ ಕೇಳಿಸಲ್ಲಪ್ಪ," ಎಂದು ಕ್ಲೆಮ್ ಕಟ್ಟಿಕೊಟ್ಟು, ಕೊಕ್ಕೆಗೆ ಬ್ರೆಡ್ಡಿನ ಚೂರು ಒತ್ತಿ, ತನ್ನ ಜಾಗಕ್ಕೆ ಹೋದ.

ಲಯನೆಲ್ ದಾರಕ್ಕೆ ಕಟ್ಟಿದ ಕೆಂಪು ಬೆಂಡನ್ನು ನೀರಿಗೆ ಬಿಟ್ಟ. ನೇರ ನೋಡಿದರೆ ಕಾಣದು, ಓರೆಗಣ್ಣಿನಲ್ಲಿ ನೋಡಿದರೆ ಕೆಂಪು ಚುಕ್ಕೆಯೊಂದು ಇದ್ದ ಹಾಗೆ, ಇಲ್ಲದ ಹಾಗೆ. ಆಚೆ ಯಾರೋ ಚಿಕ್ಕದೊಂದು ಪರ್ಚ್ ಹಿಡಿದರು. ಐವರ್ ಕೆಮ್ಮಿದ. ನೀರಿನ ಸದ್ದು ಮಾತ್ರ ಹಿಂದಿನದೇ.

ಮಧ್ಯಾಹ್ನ ಹತ್ತಿರವಾದಾಗ ಮೋಡ ಸರಿದು ಬಿಸಿಲು ಬಿತ್ತು. ಲಯನೆಲ್ ತೂಬಿನ ಕೆಳಗಿನ ಜಲ್ಲಿಯ ಕಡೆ ತಲೆ ತಿರುಗಿಸಿದ. ಅಲ್ಲಿ ಮೀನುಗಳಿದ್ದವು.

ಒಂದೆರಡಲ್ಲ, ಮಂದೆ. ಹರಿವಿಗೆ ಎದುರಾಗಿ ತಲೆ ಮಾಡಿ, ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು. ಮುಂದಿನ ಸಾಲಿನಲ್ಲಿ ಅಂಗೈಗಿಂತ ಅಗಲದ ಹಳೆಯ ರೋಚ್, ಹಿಂದೆ ಮರಿಗಳು. ಒಂದೊಂದರ ಹುರುಪೆಯ ಅಂಚೂ ಬೇರೆಬೇರೆ ಕಂಡಿತು. ಕೆಂಪು ರೆಕ್ಕೆ, ಕಣ್ಣಿನ ಕಿತ್ತಳೆ ಬಳೆ, ಎಲ್ಲವೂ. ಎಷ್ಟೋ ತಿಂಗಳಿನಿಂದ ಅವನು ಯಾವುದನ್ನೂ ಅಷ್ಟು ಚೊಕ್ಕವಾಗಿ ಕಂಡಿರಲಿಲ್ಲ. ತನ್ನ ಕೈಯನ್ನೇ ಕಾಣದವನಿಗೆ ಇಷ್ಟು ದೂರದ ಹುರುಪೆ ಹೇಗೆ ಕಂಡೀತು ಎಂಬ ಯೋಚನೆ ಆಗಲೇ ಬರಬೇಕಿತ್ತು. ಬರಲಿಲ್ಲ. ಕಣ್ಣು ಮರಳಿತು, ಮೀನೂ ಮರಳಿತು ಎಂದಷ್ಟೇ ಅನ್ನಿಸಿತು.

"ಕ್ಲೆಮ್!" ಎಂದು ಪಿಸುಗುಟ್ಟಿದ. ಕ್ಲೆಮ್‌ಗೆ ಕೇಳಿಸುವುದಿಲ್ಲ ಎಂದು ನೆನಪಾಗಿ ಕೈ ಬೀಸಿದ. ಕೈ ಬೀಸಿದ್ದನ್ನು ಎಲ್ಲರೂ ಕಂಡರು. ಲಯನೆಲ್ ಕೈ ಬೀಸಿದರೆ ಏನರ್ಥ ಎಂದು ಆ ಸಂಘದಲ್ಲಿ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಬಗ್ಗಿಕೊಂಡು, ಹೆಜ್ಜೆ ಸಪ್ಪಳವಾಗದ ಹಾಗೆ ಒಬ್ಬೊಬ್ಬರೇ ಬಂದು ಹುಲ್ಲಿನಲ್ಲಿ ಮೊಣಕಾಲೂರಿದರು.

"ರೋಚ್," ಎಂದ ಲಯನೆಲ್. "ಮಂದೆ. ಎಂಥ ಮೀನು ಅಂತೀರಿ! ಆ ಮುಂದಿಂದು ನೋಡಿ, ಅಜ್ಜಿ ಅದು."

"ಎಲ್ಲಿ?" ಗ್ಲೆನಿಸ್ ಕತ್ತು ಚಾಚಿದಳು.

"ಅಗೋ, ತೂಬಿನ ಕಂಬದ ನೆರಳಿಂದ ಇತ್ಲಾಗೆ. ಜಲ್ಲಿ ಮೇಲೇ."

"ಬಿಸ್ಲು ಕಣ್ಣಿಗೆ ಹೊಡೀತಿದೆ ಕಣೋ," ಎಂದ ಐವರ್. "ನಂಗೆ ಬರೀ ಹೊಳಪು ಕಾಣ್ತಿದೆ."

ಲಯನೆಲ್ ಕ್ಲೆಮ್‌ನ ತೋಳು ಹಿಡಿದುಕೊಂಡ. "ನೀನ್ ನೋಡು. ನಿಂಗೆ ಕಾಣುತ್ತೆ."

ಕ್ಲೆಮ್ ನೀರಿನ ಕಡೆ ನೋಡಿದ. ಆಮೇಲೆ ಲಯನೆಲ್‌ನ ಮುಖ ನೋಡಿದ. ಆ ಮುಖದಲ್ಲಿ ಏನಿತ್ತೋ, ಮತ್ತೆ ನೀರಿನ ಕಡೆ ತಿರುಗಿದ.

"ಹೌದು," ಎಂದ. "ಇವೆ. ಅಪ್ಪಾ! ಎಷ್ಟೊಂದು."

ಆಮೇಲೆ ತಡೆಯುವವರಿಲ್ಲ. ಗ್ಲೆನಿಸ್ ಕೈಗವುಸು ಬಾಯಿಗೆ ಒತ್ತಿಕೊಂಡು ಅತ್ತಳು. ತನ್ನ ಗಂಡ ಕೊನೆಯ ರೋಚ್ ಹಿಡಿದದ್ದು ಇದೇ ಜಾಗದಲ್ಲಿ, ಅವನು ಇರಬೇಕಿತ್ತು ಎಂದಳು. ಐವರ್ ಮೊದಲ ಬಾರಿಗೆ ದನಿ ತಗ್ಗಿಸಿ ಮಾತಾಡಿದ. "ರೋಚ್ ವಾಪಸ್ ಬಂದಿದ್ರೆ ಸೂಚನೆ ಗೀಚನೆ ಎಲ್ಲ ಹೊಳೆಗೆ. ಮುಚ್ಚೋದೂ ಇಲ್ಲ, ಗಿಚ್ಚೋದೂ ಇಲ್ಲ. ನಾನೇ ಎದ್ದು ನಿಂತು ಹೇಳ್ತೀನಿ, ತಪ್ಪಾಯ್ತು ಅಂತ."

"ನೀನು ತಪ್ಪಾಯ್ತು ಅನ್ನೋದಾ?" ಎಂದಳು ಗ್ಲೆನಿಸ್ ಮೂಗು ಒರೆಸಿಕೊಳ್ಳುತ್ತ. "ಅದನ್ನ ಕೇಳೋಕಾದ್ರೂ ಮೀನು ಬರ್ಬೇಕಿತ್ತು."

ಎಲ್ಲರ ಕೋಲುಗಳೂ ಅಲ್ಲಿಗೇ ಬಂದವು. ನೆನೆಸಿದ ಬ್ರೆಡ್ಡನ್ನು ಉಂಡೆ ಮಾಡಿ ಮೇಲಿನಿಂದ ತೇಲಿಬಿಟ್ಟರು. ಲಯನೆಲ್ ನಡುವೆ ಮೊಣಕಾಲೂರಿ ಕುಳಿತು, ಹಿಂದೆ ಬಸ್ಸು ತುಂಬಿ ಬರುತ್ತಿದ್ದ ದಿನಗಳಂತೆ, ಎಲ್ಲರಿಗೂ ದಾರಿ ಹೇಳಿದ. ಇನ್ನೊಂಚೂರು ಎಡಕ್ಕೆ. ಈಗ ಬಿಡು. ಈಗ ಅವುಗಳ ಮೂಗಿನ ಮುಂದೇ ಇದೆ. ಬೆಂಡುಗಳು ತೇಲಿ ಹೋದವು, ಮರಳಿ ಬಂದವು. ಒಂದೂ ಮುಳುಗಲಿಲ್ಲ.

"ಹೊಟ್ಟೆ ತುಂಬಿದೆ ಅನ್ಸುತ್ತೆ," ಎಂದ ಲಯನೆಲ್.

"ಬೆಳಕು ಜಾಸ್ತಿ," ಎಂದಳು ಗ್ಲೆನಿಸ್.

ಹಂದಿಮಾಂಸದ ಕಡುಬನ್ನು ಕೈಯಿಂದ ಕೈಗೆ ದಾಟಿಸಿ, ಫ್ಲಾಸ್ಕಿನ ಚಹಾವನ್ನು ಸದ್ದಿಲ್ಲದೆ ಕುಡಿದರು. ಯಾರೂ ಎದ್ದು ಹೋಗಲಿಲ್ಲ. ಆ ಹೊತ್ತು ಅವನ ಸುತ್ತ ಕುಳಿತಿದ್ದವರು ವಯಸ್ಸು ಮರೆತಿದ್ದರು. ಕ್ಲೆಮ್ ಮಾತ್ರ ಕಡುಬು ಮುಟ್ಟಲಿಲ್ಲ. ಒಮ್ಮೆ ಗ್ಲೆನಿಸ್ ಅವನ ಕಡೆ ಬಗ್ಗಿ, "ನೀನು ನೋಡ್ದಾಗ ಎಷ್ಟು ಇದ್ವು?" ಎಂದು ಕೇಳಿದಳು. ಅವನು ಕಿವಿ ಮುಟ್ಟಿಕೊಂಡು, ಕೇಳಿಸಲಿಲ್ಲ ಎಂಬಂತೆ ತಲೆಯಾಡಿಸಿದ.

ಬಿಸಿಲು ಓರೆಯಾಗಿ, ನೀರಿನ ಮೇಲಿನ ಹೊಳಪು ಹೋಯಿತು. ಈಗ ತಳ ಪೂರ್ತಿ ತೆರೆದುಕೊಂಡಿತು. ಐವರ್ ಹೊಳಪು ಕತ್ತರಿಸುವ ಕನ್ನಡಕ ಹಾಕಿಕೊಂಡು ತೂಬಿನ ಗೋಡೆ ಹತ್ತಿ ನಿಂತ. ಎಲ್ಲರೂ ಅವನ ಬೆನ್ನು ನೋಡುತ್ತಿದ್ದರು.

"ನಂಗೆ ಕಲ್ಲು ಕಾಣ್ತಿದೆ," ಎಂದ ಐವರ್ ಅಲ್ಲಿಂದಲೇ. "ನಾವ್ ಹಾಕಿದ್ ಬ್ರೆಡ್ ಕಾಣ್ತಿದೆ, ತಿನ್ನೋರಿಲ್ದೆ ಬಿದ್ದಿದೆ. ಮೀನು ಒಂದೂ ಇಲ್ವಲ್ಲೋ."

"ಸರಿಯಾಗಿ ನೋಡು ಮಾರಾಯ!"

"ಸರಿಯಾಗೇ ನೋಡ್ತಿದೀನಿ."

ಐವರ್ ಇಳಿದು ಬಂದು, ಸೊಂಟದವರೆಗಿನ ರಬ್ಬರ್ ಬೂಟು ಎಳೆದುಕೊಂಡ. ಲಯನೆಲ್‌ಗೆ ಗಾಬರಿಯಾಯಿತು. "ಬೇಡ ಐವರ್, ಬೇಡ! ಹೆದರಿಸ್ಬಿಡ್ತೀಯ! ಈ ಸಲ ಹೋದ್ರೆ ಮತ್ತೆ ಬರಲ್ಲ ಅವು!"

ಐವರ್ ನೀರಿಗಿಳಿದ. ಜಲ್ಲಿ ಅವನ ಕಾಲಡಿ ಕರಕರ ಎಂದಿತು. ಒಂದೊಂದೇ ಹೆಜ್ಜೆ ಇಡುತ್ತ ನಡುವಿಗೆ ಬಂದ. ಲಯನೆಲ್ ಉಸಿರು ಬಿಗಿಹಿಡಿದು ಕಾದ. ಈಗ ಮಂದೆ ಬೆಚ್ಚುತ್ತದೆ, ಬೆಳ್ಳಿಯ ಪಕ್ಕೆಗಳು ಒಮ್ಮೆಗೇ ತಿರುಗಿ ಮಿಂಚುತ್ತವೆ, ಆಗ ಎಲ್ಲರಿಗೂ ಕಾಣುತ್ತದೆ. ಆದರೆ ಮಂದೆ ಬೆಚ್ಚಲಿಲ್ಲ. ಐವರ್‌ನ ಬೂಟುಗಳು ಮೀನುಗಳ ನಡುವೆಯೇ ಹಾದವು. ಅಜ್ಜಿ ಮೀನಿನ ಮೈಯೊಳಗೇ ಹೆಜ್ಜೆ ಬಿದ್ದಿತು. ಅದು ಬಾಲವನ್ನೂ ಅಲ್ಲಾಡಿಸಲಿಲ್ಲ. ಹರಿವಿಗೆ ತಲೆ ಕೊಟ್ಟು, ಹುರುಪೆ ಹುರುಪೆಯೂ ಹೊಳೆಯುತ್ತ, ಹಾಗೇ ನಿಂತಿತ್ತು.

"ಎಲ್ಲಿವೆ?" ಎಂದ ಐವರ್. ನೀರು ಅವನ ತೊಡೆಯ ಸುತ್ತ ಹರಿಯುತ್ತಿತ್ತು. "ಲಯನೆಲ್, ಹೇಳೋ. ಎಲ್ಲಿವೆ?"

"ನಿನ್ ಕಾಲ ಹತ್ರ," ಎಂದ ಲಯನೆಲ್.

ಐವರ್ ಬಗ್ಗಿ ತನ್ನ ಕಾಲು ನೋಡಿಕೊಂಡ. ತಲೆ ಎತ್ತಿ ಕ್ಲೆಮ್‌ನನ್ನು ಹುಡುಕಿದ.

"ನೀನು ನೋಡ್ದೆ ಅಂದ್ಯಲ್ಲ?"

ಕ್ಲೆಮ್ ಕಿವಿಯ ಯಂತ್ರ ಮುಟ್ಟಿಕೊಂಡ.

"ಕೇಳಿಸಲಿಲ್ಲ ಅನ್ಬೇಡ. ಗಟ್ಟಿಯಾಗೇ ಕೇಳ್ತಿದೀನಿ. ನೋಡ್ದ್ಯಾ, ಇಲ್ವಾ?"

"ಅವನು ನೋಡ್ದ," ಎಂದ ಕ್ಲೆಮ್. "ನಂಗೆ ಅಷ್ಟೇ ಸಾಕಾಯ್ತು."

ಐವರ್‌ನ ಬಾಯಿಂದ ಬೈಗುಳ ಬರುತ್ತದೆ ಎಂದು ಎಲ್ಲರೂ ಕಾದರು. ಬಂದಿದ್ದರೆ ಒಳ್ಳೆಯದಿತ್ತು. ಅವನು ದಡ ಹತ್ತಿ, ಒದ್ದೆ ಕೈಯನ್ನು ಲಯನೆಲ್‌ನ ಬೆನ್ನ ಮೇಲಿಟ್ಟು, "ಹೋಗ್ಲಿ ಬಿಡಪ್ಪ. ಬೆಳಕು ಒಂದೊಂದ್ ಸಲ ಹಂಗೆ ಆಟ ಆಡಿಸುತ್ತೆ" ಎಂದ. ಚಿಕ್ಕ ಮಕ್ಕಳಿಗೆ ಹೇಳುವ ದನಿ. ಇಡೀ ಜೀವಮಾನದಲ್ಲಿ ಐವರ್ ಅವನೊಂದಿಗೆ ಆ ದನಿಯಲ್ಲಿ ಮಾತಾಡಿರಲಿಲ್ಲ.

ಲಯನೆಲ್ ಇನ್ನೂ ನೀರಿನ ಕಡೆಯೇ ಮುಖ ಮಾಡಿದ್ದ. ಮೀನುಗಳು ಅಲ್ಲೇ ಇದ್ದವು. ಎದ್ದು ನಿಂತು, ಕೋಲನ್ನು ಬಿಚ್ಚಲು ತಡಕಾಡಿದ. ಕ್ಲೆಮ್ ನೆರವಿಗೆ ಬಂದ.

"ಮುಟ್ಬೇಡ," ಎಂದ ಲಯನೆಲ್.

ಪಬ್ಬಿನಲ್ಲಿ ಒಲೆಯ ಪಕ್ಕದ ಮೇಜಿನ ಸುತ್ತ ಕುಳಿತರು. ಬಿಯರ್ ಬಂತು, ಯಾರೂ ಲೋಟ ತಾಗಿಸಲಿಲ್ಲ. ಗ್ಲೆನಿಸ್ ಸೂಚನೆ ಓದಿದಳು; ಸಂಘ ಮುಚ್ಚುವುದಕ್ಕೆ ಒಪ್ಪುವವರು ಕೈ ಎತ್ತಿ ಎಂದಳು. ಲಯನೆಲ್ ಸುತ್ತ ನೋಡಿದ. ಭುಜಗಳಿದ್ದವು, ಲೋಟಗಳಿದ್ದವು, ನೋಡಿದಲ್ಲೆಲ್ಲ ಬೂದು ಕಲೆ. ಯಾರ ಕೈ ಮೇಲಿದೆ, ಯಾರದು ಕೆಳಗಿದೆ, ತಿಳಿಯಲಿಲ್ಲ. ಕೋಣೆ ಅಷ್ಟು ಮೌನವಾಗಿದ್ದದ್ದರಿಂದ ಎಲ್ಲರೂ ಎತ್ತಿರಬೇಕು ಎಂದು ತಾನೂ ಎತ್ತಿದ.

"ಸರಿ," ಎಂದಳು ಗ್ಲೆನಿಸ್. "ಆಯ್ತು."

ಅವಳು ಅವನನ್ನು ಮನೆಯ ಬಾಗಿಲವರೆಗೆ ಕೈಹಿಡಿದು ಕರೆತಂದಳು. ಬೇಡ ಎನ್ನುವ ಶಕ್ತಿ ಅವನಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಏವಿಸ್ ಎದುರು ಕುಳಿತು ಎಲ್ಲವನ್ನೂ ಹೇಳಿದ: ಕಣ್ಣು, ಚಾವಣಿಯ ಚಿತ್ತಾರ, ಐವರ್‌ನ ಬೂಟುಗಳು, ಸೋದರತ್ತೆ.

"ಕಣ್ಣಿನ್ ವಿಷ್ಯ ನಂಗೆ ಗೊತ್ತಿತ್ತು," ಎಂದಳು ಏವಿಸ್. "ಬೇಸಿಗೆಯಿಂದ ಚಹಾ ಬಸಿಯೋಕೆ ಬಿಡ್ತಿಲ್ಲ ನಾನು, ಯಾಕಂದ್ಕೊಂಡೆ? ನಮ್ಮ್ ಬೀದಿಯೋರಿಗೆಲ್ಲ ಗೊತ್ತು. ಎದುರಿಗೆ ಬಂದ್ರೂ ಮಾತಾಡಿಸ್ದೆ ಹೋಗ್ತೀಯ ಅಂತ ಬೇಜಾರ್ ಮಾಡ್ಕೊಳೋದನ್ನೂ ಬಿಟ್ಟಿದಾರೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ಲಿ ಅಂತ."

ಅವಳು ಅವನನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಈ ಸಲದ ವೈದ್ಯೆ ಚಿಕ್ಕ ವಯಸ್ಸಿನವಳು. ಅವನು ತೊದಲುತ್ತ ಹೇಳಿದ್ದನ್ನು ಕೇಳಿ ಅವಳು ಆಶ್ಚರ್ಯಪಡಲೇ ಇಲ್ಲ. ಇದು ಹುಚ್ಚಲ್ಲ, ನೋಟ ಕಳೆದುಕೊಂಡ ಎಷ್ಟೋ ಜನರಿಗೆ ಆಗುತ್ತದೆ. ಕಣ್ಣು ಕಳಿಸದೆ ಬಿಟ್ಟ ಜಾಗವನ್ನು ಮಿದುಳು ತನಗೆ ತೋಚಿದ್ದರಿಂದ ತುಂಬುತ್ತದೆ, ಸ್ವಲ್ಪ ಕಾಲ ಕಳೆದರೆ ತಾನಾಗಿಯೇ ನಿಲ್ಲುವುದುಂಟು ಎಂದಳು. ಏವಿಸ್‌ಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಲಯನೆಲ್ ಮಾತ್ರ, "ಕಣ್ಣು?" ಎಂದು ಕೇಳಿದ. ವೈದ್ಯೆ ಹಿಂದಿನವರು ಹೇಳಿದ್ದನ್ನೇ ಇನ್ನಷ್ಟು ಮೃದುವಾಗಿ ಹೇಳಿದಳು.

ಮೀನುಗಳು ಮನೆಗೂ ಬಂದವು. ಪಾತ್ರೆ ತೊಳೆಯುವಲ್ಲಿನ ಬಿಳಿ ಗೋಡೆಯ ಮೇಲೆ, ಹಾಸಿಗೆಯ ಹೊದಿಕೆಯ ಮೇಲೆ, ಒಮ್ಮೆ ಚರ್ಚಿನಲ್ಲಿ ಪಾದ್ರಿಯ ಎದೆಯ ಮೇಲೆ. ಅವು ಬಂದಾಗಲೆಲ್ಲ ಅವನಿಗೆ ನೀರೊಳಗೆ ನಿಂತ ಐವರ್‌ನ ಬೂಟು ನೆನಪಾಗುತ್ತಿತ್ತು, ಖುಷಿಯಾಗುತ್ತಿರಲಿಲ್ಲ. ಮುಖ ತಿರುಗಿಸುತ್ತಿದ್ದ, ಅವು ಜೊತೆಗೇ ತಿರುಗುತ್ತಿದ್ದವು. ಚಳಿಗಾಲ ಕಳೆದು, ಬೇಸಿಗೆ ಬಂದು ಹೋಗುವಷ್ಟರಲ್ಲಿ ಅಪರೂಪವಾದವು. ಆಮೇಲೆ ಬರಲೇ ಇಲ್ಲ.

"ಹೋದ್ವು ಅನ್ಸುತ್ತೆ," ಎಂದ ಒಂದು ಬೆಳಗ್ಗೆ.

"ಒಳ್ಳೇದಾಯ್ತಲ್ಲ?" ಎಂದಳು ಏವಿಸ್.

"ಹೂಂ."

ಅವು ಹೋದ ಮೇಲೆ ಬೂದು ಕಲೆ ಬರಿಯ ಬೂದು ಕಲೆಯಾಗಿ ಉಳಿಯಿತು, ದೊಡ್ಡದಾಗುತ್ತಲೂ ಹೋಯಿತು. ನದಿಯ ಆ ದಡವನ್ನು ಬೇರೆ ಯಾರೋ ಬಾಡಿಗೆಗೆ ಹಿಡಿದರು. ಗ್ಲೆನಿಸ್ ಮಗಳ ಊರಿಗೆ ಹೋದಳು. ಐವರ್ ಯಾವುದೋ ತೋಡಿದ ಕೆರೆಗೆ ಹೋಗಿ, ತಂದು ಬಿಟ್ಟ ಮೀನುಗಳನ್ನು ಹಿಡಿಯುತ್ತಾನೆಂದು ಸುದ್ದಿ. ಲಯನೆಲ್ ಕುರ್ಚಿಯಲ್ಲಿ ಕುಳಿತು ರೇಡಿಯೋ ಕೇಳುತ್ತಿದ್ದ, ಹೆಚ್ಚಾಗಿ ಅದನ್ನೂ ಕೇಳದೆ ಕುಳಿತಿರುತ್ತಿದ್ದ.

ಕ್ಲೆಮ್ ಗುರುವಾರಗಳಲ್ಲಿ ಬರುತ್ತಿದ್ದ. ಮೊದಮೊದಲು ಲಯನೆಲ್ ಅವನೊಂದಿಗೆ ಮಾತಾಡಲಿಲ್ಲ, ಆಮೇಲೆ ಮಾತಾಡಿದ. ಜಗಳವೇನೂ ಇರಲಿಲ್ಲ. ಕ್ಲೆಮ್ ಕುಳಿತು ಊರಿನ ಸಮಾಚಾರ ಹೇಳುತ್ತಿದ್ದ. ಸೇತುವೆ ಮೇಲಿಂದ ನದಿ ನೋಡಿಕೊಂಡು ಬಂದೆ, ನೀರು ತಿಳಿಯಾಗಿದೆ, ಅಂಚಿನಲ್ಲಿ ಮರಿ ಮೀನು ಓಡಾಡುತ್ತಿವೆ ಎನ್ನುತ್ತಿದ್ದ. ಲಯನೆಲ್ ಕೇಳುತ್ತಿದ್ದ. ಮರಿ ಮೀನು ನಿಜವಾಗಿ ಇದ್ದವೋ, ತನ್ನ ಮುಖ ನೋಡಿ ಇವನು ಹೇಳುತ್ತಿದ್ದಾನೋ, ತಿಳಿಯುವ ದಾರಿ ಇರಲಿಲ್ಲ. ಲೋಕದಲ್ಲಿ ಏನಿದೆ ಎಂದು ಇನ್ನು ಮುಂದೆ ಇತರರ ಬಾಯಿಂದ ಕೇಳಿಯೇ ಅವನು ತಿಳಿಯಬೇಕು. ಅವರಲ್ಲಿ ಅತ್ಯಂತ ನಂಬಿದವನು ಪ್ರೀತಿಯಿಂದಲೇ ಸುಳ್ಳು ಹೇಳಿದ್ದ. ಬೇರೆ ಯಾರಾದರೂ ಹೇಳಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದ.

ಒಂದು ಗುರುವಾರ ಹೊರಡುವ ಹೊತ್ತಿಗೆ ಕ್ಲೆಮ್ ಕಿಟಕಿಯ ಕಡೆ ನೋಡಿ, "ಮಳೆ ನಿಂತಿದೆ. ಬಾ, ಗೇಟಿನವರೆಗೂ ಬಂದು ಗಾಳಿ ತಗೋ" ಎಂದ.

ಲಯನೆಲ್ ಎದ್ದ. ಗೋಡೆ ಹಿಡಿದುಕೊಂಡು ಕಿಟಕಿಗೆ ಹೋಗಿ, ಅಗುಳಿ ತೆಗೆದು, ಕೈಯನ್ನು ಹೊರಗೆ ಚಾಚಿ ಅಂಗೈ ಮೇಲೆ ಮಾಡಿ ನಿಂತ. ಒಂದು ಹನಿಯೂ ಬೀಳಲಿಲ್ಲ. ಮಳೆ ನಿಂತದ್ದು ನಿಜವಾಗಿತ್ತು.

ಕ್ಲೆಮ್ ಅದನ್ನು ನೋಡಿದ. ಟೋಪಿಯನ್ನು ಕೈಯಲ್ಲೇ ಸ್ವಲ್ಪ ಹೊತ್ತು ತಿರುಗಿಸಿದ.

"ಗುರುವಾರ ಬರ್ತೀನಿ," ಎಂದ.

"ಬಾ," ಎಂದ ಲಯನೆಲ್, ಕಿಟಕಿ ಮುಚ್ಚುತ್ತ.

ಗೇಟಿನವರೆಗೆ ಅವನು ಹೋಗಲಿಲ್ಲ. ಕ್ಲೆಮ್ ಮುಂದಿನ ಗುರುವಾರವೂ ಬಂದ, ಅದರ ಮುಂದಿನದಕ್ಕೂ ಬಂದ. ನದಿಯ ಮಾತನ್ನು ಮಾತ್ರ ಇಬ್ಬರೂ ಮತ್ತೆ ಎತ್ತಲಿಲ್ಲ.